ಜಾಹೀರಾತಿನಲ್ಲಿದ್ದ ಕೈ

ಅವರ ಎರಡು ಮೊಣಕಾಲುಗಳ ಮೇಲೂ ಒಂಟೆಯ ಮೊಣಕಾಲಿಗೆ ಇರುವಂತೆ ದಪ್ಪನೆಯ ಕಪ್ಪು ಚರ್ಮ ಕಟ್ಟಿಕೊಂಡಿತ್ತು. ಅರ್ಧ ಟೈಲ್ಸ್ ಕೊಟ್ಟದ್ದು, ಅರ್ಧ ನಮಾಜು ಕೊಟ್ಟದ್ದು, ಯಾವುದು ಯಾವುದರದ್ದೆಂದು ದೇವರೇ ವಿಂಗಡಿಸಬೇಕು ಎಂದು ಅವರೇ ತಮಾಷೆ ಮಾಡುತ್ತಿದ್ದರು. ಎಡಗೈಯ ಉಂಗುರ ಬೆರಳಿಗೆ ತುದಿ ಇರಲಿಲ್ಲ. ಟೈಲ್ಸ್ ಕತ್ತರಿಸುವ ಯಂತ್ರ ಅದನ್ನು ತೆಗೆದುಕೊಂಡಿತ್ತು. ಆ ಮೊಣಕಾಲು, ಆ ಬೆರಳಿನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಎಷ್ಟೋ ಸಲ ಎದ್ದಿದ್ದೇನೆ. ಮೂರು ವರ್ಷದಿಂದ ಮುಂದೂಡುತ್ತ ಬಂದೆ. ಈಗ ನನಗೆ ಅರವತ್ತಾರು. ಕಣ್ಣಿಗೆ ಒಂದು ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಇನ್ನು ಮುಂದೂಡಿದರೆ ಹೇಳುವುದೇ ಇಲ್ಲ ಎಂದು ಗೊತ್ತಾಗಿ ಬರೆಯುತ್ತಿದ್ದೇನೆ.

ದುಬೈಯ ರಾಸ್ ಅಲ್ ಖೋರ್‌ನಲ್ಲಿ ಬೋರ್ಡ್ ಮತ್ತು ಸ್ಟಿಕ್ಕರ್ ಮಾಡುವ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ಪಕ್ಕದ ಶೆಡ್ ಒಂದು ಕಟ್ಟಡ ಕಂಪನಿಯ ಗೋದಾಮು. ಅವರು ಆ ಕಂಪನಿಯ ಟೈಲ್ಸ್ ಮೇಸ್ತ್ರಿ. ಬಂಟ್ವಾಳದ ಕಡೆಯ ಬ್ಯಾರಿಯವರು, ನನಗಿಂತ ಆರು ವರ್ಷ ದೊಡ್ಡವರು. ನಾನು ‘ಕಾಕ’ ಎಂದು ಕರೆಯುತ್ತಿದ್ದೆ. ನಾನು ಬೋರ್ಡ್ ಬರೆಯುವವನೆಂದು ಅವರು ನನ್ನನ್ನು ‘ಮಾಸ್ಟ್ರೆ’ ಎನ್ನುತ್ತಿದ್ದರು. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು, ಅವರದ್ದು ನಾಲ್ಕನೆಯ ತರಗತಿಗೆ. ಹಾಗಾಗಿ ಅವರ ಲೆಕ್ಕದಲ್ಲಿ ನಾನು ಮಾಸ್ಟ್ರೇ.

ಬೆಳಿಗ್ಗೆ ಐದೂವರೆಗೆ ಎದುರಿನ ಕೆಫೆಟೀರಿಯಾದಲ್ಲಿ ಇಬ್ಬರೂ ನಿಂತೇ ಚಹಾ ಕುಡಿಯುತ್ತಿದ್ದೆವು. ನನಗೆ ಹಾಲಿನದ್ದು, ಅವರಿಗೆ ನಿಂಬೆ ಹಿಂಡಿದ ಸುಲೈಮಾನಿ. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಪ್ಲಾಸ್ಟಿಕ್ ಹಾಳೆಯಲ್ಲಿ ಪೊಟ್ಟಣ ಕಟ್ಟಿದ ಒಂದು ಹಿಡಿ ಮಂಡಕ್ಕಿ ಇರುತ್ತಿತ್ತು. ಮೊದಮೊದಲು ತಿನ್ನಲಿಕ್ಕೆಂದು ತಿಳಿದಿದ್ದೆ. ಒಮ್ಮೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ ಎಸೆದುಕೊಂಡೆ.

“ಅದು ನನ್ನ ಲೆವೆಲ್ ಮಾರಾಯ್ರೆ,” ಎಂದರು. “ನೀವು ನನ್ನ ಸಾಮಾನು ತಿಂದ್ರಿ.”

ಅರ್ಥವಾದದ್ದು ಅಬುಧಾಬಿಯಲ್ಲಿ. ಖಾಲಿದಿಯಾ ಬಡಾವಣೆಯಲ್ಲಿ ಒಬ್ಬ ಕನ್ನಡದ ಡಾಕ್ಟರ ಮನೆಯಲ್ಲಿ ಅವರ ಕಂಪನಿ ಎರಡು ಬಾತ್‌ರೂಮ್ ಹೊಸದು ಮಾಡುತ್ತಿತ್ತು. ಅದೇ ರಸ್ತೆಯಲ್ಲಿ ನನಗೊಂದು ಬೋರ್ಡ್ ಕೂರಿಸುವುದಿತ್ತು, ಅವರ ಪಿಕಪ್‌ನಲ್ಲೇ ಹೋದೆ. ನನ್ನ ಕೆಲಸ ಬೇಗ ಮುಗಿಯಿತು, ಅವರದ್ದನ್ನು ನೋಡುತ್ತ ಕುಳಿತೆ. ನೆಲದ ಟೈಲ್ಸ್ ಎಲ್ಲ ಕೂರಿಸಿ ಒಣಗಿತ್ತು. ಅವರು ಮೊಣಕಾಲೂರಿ ಕರಣೆಯ ಹಿಡಿಯಿಂದ ಒಂದೊಂದೇ ಟೈಲ್ಸನ್ನು ತಟ್ಟಿ, ತಲೆ ವಾಲಿಸಿ, ಮಗುವಿನ ಎದೆಗೆ ಕಿವಿ ಕೊಟ್ಟವರಂತೆ ಕೇಳಿದರು. ಆಮೇಲೆ ಮನೆಯ ಯಜಮಾನಿಯನ್ನು ಕರೆದರು.

“ಒಂದು ಬಕೆಟ್ ನೀರು ನೀವೇ ಹೊಯ್ಯಿರಿ ಅಮ್ಮ.”

“ನಾನ್ಯಾಕೆ? ನೀವೇ ಹಾಕಿ.”

“ನಾನು ಹೊಯ್ದರೆ ಇಳಿಜಾರು ಎಲ್ಲಿ ಉಂಟೋ ಅಲ್ಲಿಗೇ ಹೊಯ್ತೇನೆ. ನೆಲ ನಿಮ್ಮದು.”

ಆಕೆ ನಗುತ್ತ ಹೊಯ್ದರು. ಮೇಸ್ತ್ರಿ ಜೇಬಿನ ಪೊಟ್ಟಣ ಬಿಚ್ಚಿ, ನಾಲ್ಕೂ ಮೂಲೆಗಳಲ್ಲಿ ಮಂಡಕ್ಕಿ ಉದುರಿಸಿದರು. ಕಾಳುಗಳು ನೀರಿನ ಮೇಲೆ ಒಂದರ ಹಿಂದೆ ಒಂದು ಮೋರಿಯ ಬಾಯಿಗೆ ಹೋದವು. ಒಂದು ಕಾಳು ಎಲ್ಲಾದರೂ ನಿಂತರೆ ಆ ಟೈಲ್ಸ್ ಒಡೆಯುವುದು ಅವರ ಪದ್ಧತಿ. ಅಂದು ಒಂದೂ ನಿಲ್ಲಲಿಲ್ಲ.

“ನೀರಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ,” ಎಂದು ಅವರು ಆಕೆಗೆ ಹೇಳಿದರು. ಎಲ್ಲ ಮನೆಯಲ್ಲೂ ಕೊನೆಗೆ ಇದೇ ಮಾತು ಹೇಳುತ್ತಿದ್ದರಂತೆ.

ಒದ್ದೆ ನೆಲದ ಮೇಲೆ ಊರಿದ್ದ ಅವರ ಎಡಗೈ, ಅದರ ಪಕ್ಕದಲ್ಲಿ ತೇಲುವ ಮಂಡಕ್ಕಿ: ನಾನು ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದೆ.

“ಕೈ ಬೇಕಾದ್ರೆ ತೆಗೀರಿ, ಮುಖ ಬೇಡ. ಎಂತಕ್ಕೆ ಅದು?”

“ಚೆಂದ ಉಂಟು, ಅದಕ್ಕೆ.”

“ಹಾಗಾದ್ರೆ ನನ್ನ ಹೆಂಡತಿಗೆ ಒಂದು ಕಳಿಸಿ.”

ಹಿಂದೆ ಬರುವಾಗ ಪಿಕಪ್‌ನಲ್ಲಿ ಹೆಂಡತಿಯ ವಿಷಯ ತೆಗೆದರು. ಇಪ್ಪತ್ತಾರು ವರ್ಷದಿಂದ ತಾನಿಲ್ಲಿ ಏನು ಮಾಡುತ್ತಿದ್ದೇನೆಂದು ಆಕೆ ನೋಡಿಲ್ಲ. ಇನ್ನೆರಡು ವರ್ಷ ದುಡಿದು, ಕಡೆಯ ಚಳಿಗಾಲದಲ್ಲಿ ಆಕೆಯನ್ನು ವಿಸಿಟ್ ವೀಸಾದಲ್ಲಿ ಕರೆಸಿ, ತಾನು ಹಾಕಿದ ನೆಲಗಳನ್ನು ತೋರಿಸಿ, ಇಬ್ಬರೂ ಒಟ್ಟಿಗೆ ಊರಿಗೆ ಹೋಗುವುದೆಂದು ಅವರ ಯೋಚನೆ. ಡಾಕ್ಟರ ಮನೆಯಾಕೆ ಆಗಲೇ ಒಪ್ಪಿದ್ದರು. ಹೀಗೆ ಒಪ್ಪಿದವರ ಮನೆಗಳು ಒಂಬತ್ತಾಗಿದ್ದವು. ಊರಿನವರು ಬಂದರೆ ದೊಡ್ಡ ಗೋಪುರ, ಮಾಲ್ ತೋರಿಸುತ್ತಾರೆ. ಇವರದ್ದು ಬಾತ್‌ರೂಮ್ ತೋರಿಸುವ ಪ್ರವಾಸ. ನಾನು ಇದನ್ನೇ ಹೇಳಿ ನಗಾಡಿದೆ. ಅವರೂ ನಕ್ಕರು. “ಮಾಲ್ ನಾನು ಕಟ್ಟಿದ್ದಲ್ಲವಲ್ಲ,” ಎಂದರು. ಫೋಟೋ ಮಾತ್ರ ಆಕೆಗೆ ಕಳಿಸಲಿಲ್ಲ. ಮರೆತೆ.

ಇನ್ನು ನನ್ನ ವಿಷಯ. ನಮ್ಮ ಅಂಗಡಿಗೆ ದಿನವೂ ಚಿಕ್ಕ ಕಾರ್ಡು ಮಾಡಿಸುವವರು ಬರುತ್ತಿದ್ದರು. ಮನೆ ರಿಪೇರಿ, ಪೇಂಟಿಂಗ್, ಟೈಲ್ಸ್, ಜಿಪ್ಸಮ್ ಗೋಡೆ ಎಂದು ಬರೆಸಿ ಕಾರಿನ ಗಾಜಿಗೆ, ಬಾಗಿಲ ಸಂದಿಗೆ ಸಿಕ್ಕಿಸಿ ಹೋಗುವ ಕಾರ್ಡುಗಳು. ಲೈಸೆನ್ಸ್ ಇದ್ದವರು ಅದರ ನಂಬರನ್ನು ದೊಡ್ಡದಾಗಿ ಹಾಕಿಸುತ್ತಿದ್ದರು. ಇಲ್ಲದವರು ಆ ಜಾಗಕ್ಕೆ ‘ಇಪ್ಪತ್ತು ವರ್ಷಗಳ ಅನುಭವ’ ಎಂದು ಹಾಕಿಸುತ್ತಿದ್ದರು. ಇಪ್ಪತ್ತನಾಲ್ಕರ ಪ್ರಾಯದವರೂ ಅದನ್ನೇ ಹಾಕಿಸುತ್ತಿದ್ದರು. ನಾನು ಕೇಳಿದ್ದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಬೇರೆಯವರ ಹೆಸರಿನ ಬೋರ್ಡ್ ಮಾಡಿದವನಿಗೆ ತನ್ನದೊಂದು ಇರಲಿ ಎಂದು ಆಸೆ ಹುಟ್ಟಿತು. ಹೇಳಿದ್ದನ್ನೆಲ್ಲ ಮಾಡುವ ಒಬ್ಬ ಪೇಂಟರ್, ಒಬ್ಬ ಪ್ಲಂಬರ್ ನನಗೆ ಪರಿಚಯವಿದ್ದರು. ಬೇಕಿದ್ದದ್ದು ಮೇಸ್ತ್ರಿ.

ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ, ಒಟ್ಟಿಗೆ ರಿಪೇರಿ ಕೆಲಸ ಹಿಡಿಯುವ ಎಂದು ಕಾಕನಿಗೆ ಹೇಳಿದೆ.

“ಲೈಸೆನ್ಸ್ ಉಂಟಾ?” ಎಂದರು.

“ಯಾರು ಕೇಳ್ತಾರೆ ಕಾಕ? ಜಾಹೀರಾತು ಕನ್ನಡದಲ್ಲಿ ಹಾಕುವ. ಇಂಗ್ಲಿಷ್‌ನಲ್ಲಿ ಹಾಕಿದ್ರೆ ಲೈಸೆನ್ಸ್ ಕೇಳ್ತಾರೆ. ಕನ್ನಡದಲ್ಲಿ ಹಾಕಿದ್ರೆ ಊರು ಯಾವುದು ಅಂತ ಮಾತ್ರ ಕೇಳ್ತಾರೆ.”

“ಅದೇ ಹೆದರಿಕೆ ನನಗೆ.” ಸುಲೈಮಾನಿ ಮುಗಿಸಿ ಲೋಟ ಇಟ್ಟರು. “ಮತ್ತೆ ಎಂತ ಬರೀತೀರಿ ಅದರಲ್ಲಿ?”

“ಎರಡೇ ದಿನದಲ್ಲಿ ಹೊಸ ಬಾತ್‌ರೂಮ್.”

“ವಾಟರ್‌ಪ್ರೂಫ್ ಹಚ್ಚಿ, ಮೋರಿ ಕಟ್ಟಿ, ನೀರು ತುಂಬಿಸಿ ಇಡ್ಲಿಕ್ಕೇ ಎರಡು ದಿನ ಬೇಕು. ಟೈಲ್ಸ್ ಯಾವಾಗ ಹಾಕುವುದು, ಕನಸಿನಲ್ಲಾ?”

ಆ ಮಾತು ಅಲ್ಲಿಗೆ ಮುಗಿಯಿತು. ಅವರ ಮಟ್ಟಿಗೆ.

ನಾನು ಜಾಹೀರಾತು ಮಾಡಿದೆ. ಅಕ್ಷರ ನನ್ನದು, ಚೆನ್ನಾಗಿಯೇ ಬಂತು. ಮಧ್ಯದಲ್ಲಿ ಖಾಲಿದಿಯಾದ ಆ ಕೈ, ಆ ಮಂಡಕ್ಕಿ. ಮೇಲೆ ‘ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ’. ಕೆಳಗೆ ‘ನಮ್ಮವರಿಂದ ನಮ್ಮವರಿಗೆ, ಎರಡೇ ದಿನದಲ್ಲಿ ಹೊಸ ಬಾತ್‌ರೂಮ್’ ಮತ್ತು ಇದಕ್ಕೆಂದೇ ತೆಗೆದುಕೊಂಡ ಒಂದು ನಂಬರ್. ಕನ್ನಡದವರ ವಾಟ್ಸಾಪ್ ಗುಂಪುಗಳಿಗೆ ಬಿಟ್ಟೆ. ಗೋಡೆಗೆ ಅಂಟಿಸುವ ಶ್ರಮವೂ ಇಲ್ಲ, ಜನರೇ ಒಬ್ಬರಿಂದ ಒಬ್ಬರಿಗೆ ದಾಟಿಸಿದರು.

ಮೊದಲ ಕರೆ ಮೈಸೂರಿನ ಒಬ್ಬ ಟೀಚರ್ ಅವರದ್ದು. ಶನಿವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಜುಮೇರಾ ಲೇಕ್ ಟವರ್ಸ್‌ನಲ್ಲಿ ಗಂಡ ಹೆಂಡತಿ ಸಾಲ ಮಾಡಿ ಫ್ಲ್ಯಾಟ್ ಕೊಂಡಿದ್ದರು.

“ನೆಲದ್ ಮೇಲೆ ಪುರಿ ಹಾಕಿ ತೋರಿಸೋರು ನೀವೇ ಅಲ್ವಾ? ಆ ಫೋಟೋ ನೋಡೇ ಫೋನ್ ಮಾಡಿದ್ದು. ಮೋಸ ಮಾಡೋರು ಪುರಿ ಎಲ್ಲಾ ಹಾಕ್ತಾ ಕೂತ್ಕೊಳಲ್ಲ.”

“ಹೌದು ಮೇಡಂ, ನಾವೇ.”

“ಲೈಸೆನ್ಸ್ ಎಲ್ಲಾ ಇದೆ ತಾನೆ?”

“ಇದೆ ಮೇಡಂ.”

“ಹಂಗಾದ್ರೆ ಸರಿ. ಕನ್ನಡದವರು ಅಂದ್ಮೇಲೆ ಇನ್ನೇನು ಕೇಳೋದು.”

ಅಂಥ ಕಟ್ಟಡಗಳಲ್ಲಿ ಕೆಲಸ ಮಾಡಿಸಬೇಕಾದರೆ ಆಡಳಿತದವರ ಅನುಮತಿ ಬೇಕು. ಅವರು ಮೊದಲು ಕೇಳುವುದೇ ಕಂಪನಿಯ ಲೈಸೆನ್ಸಿನ ಪ್ರತಿ. ಅದಕ್ಕೆ ಲೈಸೆನ್ಸ್ ಇಲ್ಲದವರು ಕಂಡುಕೊಂಡ ಉಪಾಯವೆಂದರೆ ಸೂಟ್‌ಕೇಸ್. ಟೈಲ್ಸ್, ಸಿಮೆಂಟು, ಸಲಕರಣೆ ಎಲ್ಲವನ್ನೂ ಚಕ್ರದ ಸೂಟ್‌ಕೇಸ್‌ಗಳಲ್ಲಿ ತುಂಬಿ, ವಿಮಾನದ ಚೀಟಿಯನ್ನೂ ಹಿಡಿಗೆ ಕಟ್ಟಿ, ಊರಿಂದ ಬಂದ ನೆಂಟರಂತೆ ಲಿಫ್ಟ್ ಹತ್ತುವುದು. ಒಡೆದ ಚೂರುಗಳನ್ನು ತುಂಬಿಕೊಂಡು ಊರಿಗೆ ಹೊರಟವರಂತೆ ಇಳಿಯುವುದು. ಸೆಕ್ಯೂರಿಟಿಯವ ಒಂದು ಸಲ ನನಗೆ ‘ಹ್ಯಾಪಿ ಜರ್ನಿ’ ಎಂದೂ ಹೇಳಿದ.

ಆ ಪೇಂಟರ್, ಪ್ಲಂಬರ್ ಇಬ್ಬರನ್ನೇ ಟೈಲ್ಸಿಗೂ ಹಚ್ಚಿ ಎರಡು ದಿನಕ್ಕೆ ಮುಗಿಸಿದೆವು. ಹಳೆಯ ಟೈಲ್ಸ್ ಕೀಳುವಾಗ ಅಡಿಯ ವಾಟರ್‌ಪ್ರೂಫ್ ಪದರ ಹರಿದಿತ್ತು, ನಾನು ಕಣ್ಣಾರೆ ಕಂಡೆ. ಅದನ್ನು ಹಾಗೆಯೇ ಮುಚ್ಚಿಸಿದೆ. ಕೊನೆಗೆ ಟೀಚರ್ ತಟ್ಟೆಯಲ್ಲಿ ಮಂಡಕ್ಕಿ ಹಿಡಿದುಕೊಂಡು ಬಂದು ನಿಂತರು. ನಾನದನ್ನು ಮರೆತೇಬಿಟ್ಟಿದ್ದೆ. ಅವರೇ ನೀರು ಹೊಯ್ದು, ಅವರೇ ಕಾಳು ಹಾಕಿದರು. ಅರ್ಧ ಕಾಳುಗಳು ಮೋರಿಗೆ ಹೋದವು. ಉಳಿದವು ಒಂದು ಮೂಲೆಯಲ್ಲಿ ಗುಂಪಾಗಿ ನಿಂತವು.

“ಇದು ಯಾಕೆ ಹೀಗೆ?”

“ಹೊಸದಲ್ವಾ ಮೇಡಂ, ಒಣಗಿದ ಮೇಲೆ ಸರಿ ಹೋಗ್ತದೆ.”

ನೆಲ ಒಣಗಿದರೆ ಇಳಿಜಾರು ಬದಲಾಗುವುದಿಲ್ಲ. ಇದು ಯಾರಿಗೂ ಗೊತ್ತಾಗುವಂಥದ್ದು. ಆದರೂ ಅವರು ನಂಬಿದರು, ಯಾಕೆಂದರೆ ಹೇಳಿದವನು ಕನ್ನಡದಲ್ಲಿ ಹೇಳಿದ್ದ.

ಒಂದೂವರೆ ತಿಂಗಳಲ್ಲಿ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ನೀರು ಜಿನುಗಿತು. ಆಡಳಿತದವರು ಟೀಚರ್‌ಗೆ ನೋಟಿಸ್ ಕೊಟ್ಟರು. ಅವರು ನನಗೆ ಫೋನ್ ಮಾಡಿದರು. ಮೊದಲ ದಿನ ಎತ್ತಿ ‘ನಾಳೆ ಬರ್ತೇನೆ’ ಎಂದೆ. ಎರಡನೆಯ ದಿನ ಎತ್ತಲಿಲ್ಲ. ಮೂರನೆಯ ದಿನ ಸಿಮ್ ತೆಗೆದು ಬಿಸಾಡಿದೆ. ಅವರು ಆ ಜಾಹೀರಾತನ್ನೇ ಮತ್ತೆ ಗುಂಪಿಗೆ ಹಾಕಿ ಕೇಳಿದರು: ‘ಈ ಕೈ ಯಾರದು, ಯಾರಿಗಾದರೂ ಗೊತ್ತಾ?’

ಅದೇ ಗುಂಪಿನಲ್ಲಿದ್ದ ಖಾಲಿದಿಯಾದ ಡಾಕ್ಟರ ಮನೆಯಾಕೆ ಬೆರಳನ್ನು ಗುರುತಿಸಿದರು. ಮೇಸ್ತ್ರಿಯ ನಂಬರ್ ಕೊಟ್ಟರು.

ಮರುದಿನ ಕಾಕ ನಮ್ಮ ಅಂಗಡಿಗೆ ಬಂದು ಕೌಂಟರ್ ಮೇಲೆ ಮೊಬೈಲ್ ಇಟ್ಟರು. ತೆರೆಯಲ್ಲಿ ಜಾಹೀರಾತು. ಬೈಯುತ್ತಾರೆಂದು ಕಾದೆ.

“ಅಕ್ಷರ ನಿಮ್ಮದೇ ಅಂತ ಗೊತ್ತಾಯ್ತು,” ಎಂದರು. “ನೀರು ನಿಲ್ಲಿಸಿ ನೋಡಿದ್ರಾ?”

“ಇಲ್ಲ ಕಾಕ.”

“ಅಡಿಯ ಪದರ?”

“ಹರಿದಿತ್ತು.”

ಮೊಬೈಲ್ ಎತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ, “ಆ ಟೀಚರಮ್ಮ ಕೆಲಸ ಕೊಟ್ಟದ್ದು ನಿಮಗಲ್ಲ, ನನಗೆ. ಆದಿತ್ಯವಾರ ಹೋಗಿ ಸರಿ ಮಾಡ್ತೇನೆ,” ಎಂದರು.

“ನಿಮ್ಮ ಕಂಪನಿಗೆ ಹೇಳಿ ಮಾಡಿಸಬಹುದಲ್ಲ?”

“ಕಂಪನಿ ಕೊಟೇಷನ್ ಕೊಡ್ತದೆ. ಒಂದೇ ನೆಲಕ್ಕೆ ಅವರು ಎರಡು ಸಲ ಎಂತಕ್ಕೆ ಕೊಡಬೇಕು?” ಬಾಗಿಲವರೆಗೆ ಹೋಗಿ ತಿರುಗಿದರು. “ಹೊರಗಿನ ಕೆಲಸ ಮಾಡುವುದು ತಪ್ಪು, ನನಗೆ ಗೊತ್ತುಂಟು. ಆದ್ರೆ ಅಲ್ಲಿ ನೀರು ಸೋರ್ತಾ ಉಂಟಲ್ಲ.”

ನಾನು ಆಗಲೂ ಬುದ್ಧಿವಂತಿಕೆ ತೋರಿಸಿದೆ. “ಸೂಟ್‌ಕೇಸ್ ನನ್ನ ಹತ್ತಿರ ಉಂಟು ಕಾಕ, ತೆಗೆದುಕೊಂಡು ಹೋಗಿ.”

“ನಾನು ನೆಂಟ ಅಲ್ಲ ಮಾರಾಯ್ರೆ.”

ಆ ಭಾನುವಾರ ಅವರು ಕೈಯಲ್ಲಿ ಚೀಲ ಹಿಡಿದು, ಕಂಪನಿಯ ನೀಲಿ ಅಂಗಿಯಲ್ಲೇ ಮುಂಬಾಗಿಲಿನಿಂದ ಹೋದರು. ಸೆಕ್ಯೂರಿಟಿಯ ರಿಜಿಸ್ಟರ್‌ನಲ್ಲಿ ತಮ್ಮ ಹೆಸರು, ಕಂಪನಿಯ ಹೆಸರು, ಬಂದ ಕೆಲಸ ಟೈಲ್ಸ್ ಎಂದು ಬರೆದರು. ನೆಲ ಒಡೆದು, ಪದರ ಹಚ್ಚಿ, ನೀರು ಕಟ್ಟಿ ನಿಲ್ಲಿಸಿ ಬಂದರು. ಮುಂದಿನ ಭಾನುವಾರ ಟೈಲ್ಸ್ ಕೂರಿಸುವುದಿತ್ತು. ಅಷ್ಟರಲ್ಲಿ ಯಾರೋ ರಿಜಿಸ್ಟರ್ ಓದಿದ್ದರು. ಆಡಳಿತದವರು ಕಂಪನಿಗೆ ಫೋನ್ ಮಾಡಿದರು. ನಾವು ಯಾರನ್ನೂ ಕಳಿಸಿಲ್ಲ ಎಂದಿತು ಕಂಪನಿ. ಮತ್ತೆ ಆಡಳಿತದವರು ಟೀಚರ್ ಕೈಯಿಂದ ಪಡೆದ ಜಾಹೀರಾತಿನ ಒಂದು ಪ್ರಿಂಟನ್ನು ಕಂಪನಿಗೆ ಕಳಿಸಿದರು.

ಅದು ಕನ್ನಡದಲ್ಲಿತ್ತು. ಕಂಪನಿಯ ಮ್ಯಾನೇಜರ್‌ಗೆ ಕನ್ನಡ ಬಾರದು. ಪಕ್ಕದಲ್ಲೇ ಕನ್ನಡ ಬೋರ್ಡ್ ಬರೆಯುವವನೊಬ್ಬ ಇದ್ದಾನಲ್ಲ ಎಂದು ಅವರು ನನಗೆ ಹೇಳಿ ಕಳಿಸಿದರು.

ಈ ಕೋಣೆಯ ಒಳಗೆ ಹೋಗುವುದನ್ನೇ ನಾನು ಮೂರು ವರ್ಷ ಮುಂದೂಡಿದ್ದು. ಮೇಜಿನ ಈಚೆ ಮೇಸ್ತ್ರಿ ಕುಳಿತಿದ್ದರು, ಕೈಗಳು ತೊಡೆಯ ಮೇಲೆ. ಮ್ಯಾನೇಜರ್ ನನ್ನ ಮುಂದೆ ಕಾಗದ ಇಟ್ಟು, ಏನಿದೆ ಓದಿ ಹೇಳಿ ಎಂದರು, ಹಿಂದಿಯಲ್ಲಿ. ನಾನು ಕನ್ನಡಕ ಹಾಕಿಕೊಂಡೆ. ನಾನೇ ಬರೆದ ಸಾಲುಗಳನ್ನು, ಮೊದಲ ಸಲ ನೋಡುವವನಂತೆ, ಒಂದೆರಡು ಕಡೆ ತಡೆದು ತಡೆದು, ಹಿಂದಿಯಲ್ಲಿ ಓದಿ ಹೇಳಿದೆ. ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ. ನಮ್ಮವರಿಂದ ನಮ್ಮವರಿಗೆ. ಎರಡೇ ದಿನದಲ್ಲಿ ಹೊಸ ಬಾತ್‌ರೂಮ್.

“ಇದನ್ನು ಮಾಡಿದವರು ಯಾರೆಂದು ನಿಮಗೆ ಗೊತ್ತಾ? ನಿಮ್ಮ ಕಡೆಯವರೇ ಇರಬೇಕು.”

“ಗೊತ್ತಿಲ್ಲ ಸರ್,” ಎಂದೆ.

ಮೇಸ್ತ್ರಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಟೈಲ್ಸ್ ಒತ್ತಿ ಹಿಡಿದು, ಅಂಟು ಕಚ್ಚಿಕೊಳ್ಳುತ್ತದೋ ಎಂದು ಕಾಯುತ್ತಾರಲ್ಲ, ಅಷ್ಟು ಹೊತ್ತು ಕಾದರು. ನಾನು ಕಾಗದ ನೋಡುತ್ತ ಕುಳಿತೆ. ಆಮೇಲೆ ಅವರು ಮ್ಯಾನೇಜರ್ ಕಡೆ ತಿರುಗಿದರು.

“ಅವರು ಓದಿದ್ದು ಸರಿ ಉಂಟು ಸರ್. ಕೈ ನನ್ನದು. ಆ ಮೊದಲಿನ ಮಾತೂ ನನ್ನದು.”

“ಎರಡು ದಿನದಲ್ಲಿ ಬಾತ್‌ರೂಮ್, ಅದು?”

“ಅದು ನನ್ನದಲ್ಲ. ಅದು ಆಗುವುದೇ ಇಲ್ಲ.”

ಮ್ಯಾನೇಜರ್ ಕೆಟ್ಟವರೇನಲ್ಲ. ಇಪ್ಪತ್ತಾರು ವರ್ಷದ ಕೆಲಸಗಾರ, ಹೆಸರು ಹೇಳಿಬಿಡಿ ಎಂದು ಮೂರು ಸಲ ಕೇಳಿದರು. ಇವರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಇಂದಿಗೂ ಗೊತ್ತಿಲ್ಲ. ನಾನೇ ಹೇಳಲಿ ಎಂದು ಬಿಟ್ಟಿರಬಹುದು. ವೀಸಾ ರದ್ದು ಮಾಡಿ ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅವರು ಒಂದನ್ನು ಮಾತ್ರ ಕೇಳಿಕೊಂಡರು: ಟೀಚರ್ ಮನೆಯ ನೆಲ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಿ ಹೋಗುತ್ತೇನೆ. ಕಂಪನಿ ತನ್ನ ಹೆಸರಿನಲ್ಲೇ ಅನುಮತಿ ತೆಗೆದು ಕಳಿಸಿತು. ಮಂಡಕ್ಕಿ ಒಂದೂ ನಿಲ್ಲಲಿಲ್ಲವಂತೆ. ಟೀಚರ್ ಆಮೇಲೆ ಹೇಳಿದ್ದು.

ಹೊರಡುವ ದಿನ ಬೆಳಿಗ್ಗೆ ಐದೂವರೆಗೆ ಅವರು ಕೆಫೆಟೀರಿಯಾದ ಎದುರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಸೂಟ್‌ಕೇಸ್. ನಾನು ಅಂಗಡಿಯೊಳಗೆ ದೀಪ ಹಾಕದೆ ಸ್ಟಿಕ್ಕರ್ ಕತ್ತರಿಸುವ ಯಂತ್ರದ ಹಿಂದೆ ನಿಂತು ನೋಡಿದೆ. ಒಂದು ಸುಲೈಮಾನಿ ಕುಡಿದರು. ನಮ್ಮ ಬಾಗಿಲ ಕಡೆ ನೋಡಿದರು. ಇನ್ನೊಂದು ತರಿಸಿ ಅದನ್ನೂ ಕುಡಿದರು. ಅವರು ಎರಡು ಕುಡಿದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆಮೇಲೆ ಪಿಕಪ್ ಬಂತು.

ಎರಡು ವರ್ಷದ ನಂತರ ನಾನು ಟೀಚರ್ ಮನೆಗೆ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

“ನನ್ ಹತ್ರ ಯಾಕ್ ಕೇಳ್ತೀರಿ? ನಾನು ಕಳ್ಕೊಂಡಿದ್ದು ಒಂದ್ ನೆಲ. ಅದೂ ವಾಪಸ್ ಬಂತು. ಅವರಿಗೆ ಹೇಳಿದ್ರಾ?”

ಹೇಳುತ್ತೇನೆ ಎಂದು ಬಂದೆ. ಆ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಬಂಟ್ವಾಳದವರೆಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ ಎಂದರು. ಸ್ಟ್ಯಾಂಡಿನಲ್ಲಿ ಒಂದು ನಿಂಬೆ ಶರಬತ್ತು ಕುಡಿದು ಅದೇ ಬಸ್ಸಿಗೆ ವಾಪಸು ಹತ್ತಿದೆ. ಮುಂದಿನ ರಜೆಗೆ ಎಂದುಕೊಂಡೆ. ಮುಂದಿನ ರಜೆಗೆ ಮೊದಲೇ ಕೆಫೆಟೀರಿಯಾದವನು ಹೇಳಿದ, ನಿಮ್ಮ ಕಾಕ ತೀರಿಹೋದರಂತೆ, ಊರಿನ ಮಸೀದಿಯಲ್ಲಿ ಕೈಕಾಲು ತೊಳೆಯುವ ಕಟ್ಟೆಗೆ ಟೈಲ್ಸ್ ಹಾಕಿ ಮುಗಿಸಿದ ವಾರ.

ಅವರ ಹೆಂಡತಿಯ ನಂಬರ್ ಅವನೇ ಕೊಟ್ಟ. ನಾನು ಫೋನ್ ಮಾಡಿದೆ. ರಾಸ್ ಅಲ್ ಖೋರ್‌ನ ಬೋರ್ಡಿನವನು ಎಂದೊಡನೆ ಆಕೆಗೆ ಗೊತ್ತಾಯಿತು.

“ಮಾಸ್ಟ್ರಾ? ನಿಮ್ಮ ವಿಷಯ ಹೇಳ್ತಾ ಇದ್ರು. ನೀವು ಅವರ ಕೈಯ ಒಂದು ಫೋಟೋ ತೆಗ್ದಿದ್ದೀರಂತೆ, ಭಾರಿ ಚೆಂದ ಬಂದಿದೆಯಂತೆ. ಅದು ಉಂಟಾ ನಿಮ್ಮಲ್ಲಿ?”

ಉಂಟು ಎಂದೆ. ಅಕ್ಷರಗಳಿಲ್ಲದ ಮೂಲ ಫೋಟೋ ಮೊಬೈಲ್‌ನಲ್ಲಿ ಇನ್ನೂ ಇತ್ತು. ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಆಕೆಯ ದನಿಯ ಸಂದೇಶ ಬಂತು: “ಸಿಕ್ಕಿತು ಮಾಸ್ಟ್ರೆ. ಇದು ಯಾರ ಮನೆಯ ನೆಲ?”

ಖಾಲಿದಿಯಾದ ಡಾಕ್ಟರ ಮನೆಯದ್ದು ಎಂದು ಬರೆದೆ. ಆಕೆ ಬಂದು ನೋಡಬೇಕಾಗಿದ್ದ ಒಂಬತ್ತರಲ್ಲಿ ಒಂದು ಎಂದು ಬರೆಯಲಿಲ್ಲ. ಆ ಫೋಟೋ ಎಲ್ಲೆಲ್ಲಿ ತಿರುಗಿತು, ಅದರ ಮೇಲೆ ನಾನು ಏನು ಬರೆದಿದ್ದೆ ಎಂದೂ ಬರೆಯಲಿಲ್ಲ.

ಈಗ ಕಾರ್ಡು ಮಾಡಿಸಲು ಬಂದವರಿಗೆ ಲೈಸೆನ್ಸ್ ಪ್ರತಿ ತೋರಿಸಿ ಎನ್ನುತ್ತೇನೆ. ಹೆಚ್ಚಿನವರು ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಮಾಲೀಕರು ಗೊಣಗುತ್ತಾರೆ. ಇದೇನೂ ಪ್ರಾಯಶ್ಚಿತ್ತವಲ್ಲ, ಕೆಲಸದ ಒಂದು ಪದ್ಧತಿ ಅಷ್ಟೇ. ಟೀಚರ್ ಹತ್ತಿರ ಕ್ಷಮೆ ಕೇಳಿದೆ. ಸೀಲಿಂಗ್ ಹಾಳಾದ ಕೆಳಗಿನ ಮನೆಯವರನ್ನು ಹುಡುಕಿ ಅವರಲ್ಲೂ ಕೇಳಿದೆ. ಮ್ಯಾನೇಜರ್ ಕೆಲಸ ಬಿಟ್ಟು ಹೋಗುವ ದಿನ ಅವರಿಗೂ ನಿಜ ಹೇಳಿ ಕೇಳಿದೆ. ಬಾಗಿಲು ತಟ್ಟಿದ್ದೆಲ್ಲ ಅಪರಿಚಿತರದ್ದು, ಅದು ಸುಲಭವಿತ್ತು. ದಿನವೂ ಬೆಳಿಗ್ಗೆ ಐದೂವರೆಗೆ ನನ್ನ ಪಕ್ಕದಲ್ಲಿ ನಿಂತು ಚಹಾ ಕುಡಿದವರೊಬ್ಬರ ಹತ್ತಿರ ಮಾತ್ರ ಕೇಳಲಿಲ್ಲ: ಮೇಸ್ತ್ರಿ ಕಾಕನ ಹತ್ತಿರ.